ಮೊದಲ ಮೋಟಾರ್ ಸೈಕಲ್ಲಿಗಾಗಿ ಒಂದು ಪ್ರವಾಸ

ಪ್ರವಾಸ ಅಂದರೆ ನಮ್ಮ ಮನೆಯಲ್ಲಿ ಧರ್ಮಸ್ಥಳ, ಸುಬ್ರಹ್ಮಣ್ಯ, ಹೆಚ್ಚೆಂದರೆ ತಿರುಪತಿ. ಬುತ್ತಿಗೆ ಪುಳಿಯೋಗರೆ, ಮೊಸರನ್ನ, ಜೊತೆಗೆ ಒಂದು ಚೀಲದಲ್ಲಿ ಹಣ್ಣುಕಾಯಿ. ಈ ಸಲವೂ ನಾನು ಪುಳಿಯೋಗರೆ ಕಟ್ಟಿಕೊಂಡೇ ಹೊರಟೆ. ಆದರೆ ಹೊರಟದ್ದು ಮೋಟಾರ್ ಸೈಕಲ್ಲುಗಳ ಓಟದ ಹಾದಿಗೆ! ಹೀಗೆಂದರೆ ನಿಮಗೆ ನಗು ಬಂದೀತು. ನಮ್ಮ ಬೀದಿಯವರೂ ನಕ್ಕರು. "ಮಗಳಿಗೆ ಗಂಡು ನೋಡೋಕೆ ಹೋಗೋ ವಯಸ್ಸಲ್ಲಿ ಗಾಡಿ ನೋಡೋಕೆ ಹೋಗ್ತಿದ್ದೀರಲ್ಲ" ಎಂದು ಎದುರು ಮನೆಯವರು ಹಾಸ್ಯ ಮಾಡಿದರು. ನಾನೂ ನಕ್ಕು ಸುಮ್ಮನಾದೆ. ಒಳಗೆ ಮಾತ್ರ ನನಗೆ ನಗು ಬರುವ ಹಾಗಿರಲಿಲ್ಲ.

ಕಾರಣ ಹೇಳಿಬಿಡುತ್ತೇನೆ. ನಮ್ಮದು ತಿಪಟೂರು. ನನ್ನ ಒಬ್ಬನೇ ತಮ್ಮ 2006ರಲ್ಲಿ, ಇಪ್ಪತ್ತೆರಡರ ಹುಡುಗ, ಗೆಳೆಯರ ಜೊತೆ ಪಂಥ ಕಟ್ಟಿ ರಾತ್ರಿ ಹೊತ್ತು ಹೆದ್ದಾರಿಯಲ್ಲಿ ಗಾಡಿ ಓಡಿಸಿ ಬಿದ್ದ. ಎದುರಿಗೆ ದೀಪವಿಲ್ಲದ ಟ್ರಾಕ್ಟರ್ ಬಂದಿತ್ತಂತೆ. ಜೀವ ಉಳಿಯಿತು, ಬಲಗಾಲಿಗೆ ರಾಡು ಬಿತ್ತು. ಇವತ್ತಿಗೂ ಮಳೆಗಾಲ ಬಂತೆಂದರೆ ಕಾಲು ಎಳೆದು ನಡೆಯುತ್ತಾನೆ. ಆ ದಿನದಿಂದ ನಮ್ಮ ತವರಿನಲ್ಲಿ ಮೋಟಾರ್ ಸೈಕಲ್ ಎನ್ನುವ ಮಾತೇ ಇಲ್ಲ. ಅದಕ್ಕೆ ಮೊದಲು ಹಾಗಿರಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಯೆಜ್ಡಿ ನಮ್ಮ ಅಪ್ಪನ ಹತ್ತಿರ ಇತ್ತು. ಅದರ ಪೆಟ್ರೋಲ್ ಟ್ಯಾಂಕಿನ ಮೇಲೆ ಕುಳಿತು ನಾನು ಶಾಲೆಗೆ ಹೋದವಳು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತೆಂದು ಕೇಳಿದಾಗ ಅಪ್ಪ ನೆಂಟರು ಹೋದಷ್ಟು ಬೇಸರಪಟ್ಟುಕೊಂಡಿದ್ದರು. ತಮ್ಮ ಬಿದ್ದ ಮೇಲೆ ಅವರೇ ಆ ಯೆಜ್ಡಿಯನ್ನು ತೂಕಕ್ಕೆ ಹಾಕಿಬಿಟ್ಟರು.

ಇಂಥ ಮನೆಯಲ್ಲಿ ಹುಟ್ಟಿದ ನನ್ನ ಮಗಳಿಗೆ ಗಾಡಿಯ ಹುಚ್ಚು! ಡಿಗ್ರಿ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷ. ಪಿ.ಜಿ.ಯಲ್ಲಿ ಇದ್ದುಕೊಂಡು, ಹೋಟೆಲ್ ತಿಂಡಿ ಬಿಟ್ಟು, 1,40,000 ರೂಪಾಯಿ ಕೂಡಿಹಾಕಿದ್ದಳು. ಒಂದು ಸರಕ್ಕಾಯಿತು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ದೀಪಾವಳಿಗೆ ಬಂದವಳು ಒಬ್ಬಟ್ಟಿಗೆ ಹೂರಣ ರುಬ್ಬುತ್ತಾ, "ಅಮ್ಮ, ನಾನು ಬೈಕು ತಗೋತೀನಿ. ರಸ್ತೆ ಮೇಲೆ ಓಡಿಸೋಕಲ್ಲ. ಟ್ರ್ಯಾಕಲ್ಲಿ ಕಲಿಯೋಕೆ" ಅಂದಳು.

ನನ್ನ ಕೈ ಹಿಟ್ಟಿನಲ್ಲೇ ನಿಂತಿತು. "ನಿಮ್ಮ ಮಾವನ ಕಾಲು ನೋಡಿದ್ದೀಯಾ?" ಅಂದೆ.

"ನೋಡಿದ್ದೀನಿ ಕಣಮ್ಮ. ಅದಕ್ಕೇ ಟ್ರ್ಯಾಕು" ಅಂದಳು.

ಆ ಉತ್ತರ ನನಗೆ ಆಗ ಅರ್ಥವಾಗಲಿಲ್ಲ. ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಬೇಡ ಅಂದರೆ ಹೇಳದೆ ತಗೋತಾಳೆ. ಹೋಗಿ ನೋಡಿಕೊಂಡು ಬಾ. ನೋಡಿದ ಮೇಲೆ ಬೇಡ ಅನ್ನು" ಅಂದರು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವರು ಹೇಳಿದ ಕೆಲವು ಒಳ್ಳೆಯ ಮಾತುಗಳಲ್ಲಿ ಅದೊಂದು!

ಅಂಗಡಿಯಲ್ಲಿ ಕೇಳಿದ ಲೆಕ್ಕ

ಹೊರಡುವ ಮೊದಲು ಬೆಂಗಳೂರಿನ ಒಂದು ಗಾಡಿ ಅಂಗಡಿಗೆ ಹೋಗಿದ್ದೆವು. ಅಲ್ಲಿನ ಹುಡುಗ ನಮ್ಮಿಬ್ಬರಿಗೂ ಕಾಫಿ ತರಿಸಿ, 300 ಸಿಸಿಗೂ ಮೇಲಿನ ದೊಡ್ಡ ಗಾಡಿಯ ಮೇಲೆ ಮಗಳನ್ನು ಕೂರಿಸಿ, ಫೋಟೋ ಹಿಡಿದೇಬಿಟ್ಟ. "ಟ್ರ್ಯಾಕಿಗೆ ಅಂದ್ರೆ ಇದೇ ಮೇಡಂ. ಚಿಕ್ಕದು ತಗೊಂಡ್ರೆ ಆರು ತಿಂಗಳಿಗೆ ಬೇಜಾರಾಗುತ್ತೆ. ಈಗ ಒಂದು ಲಕ್ಷ ಕೊಡಿ, ಉಳಿದದ್ದು ತಿಂಗಳಿಗೆ 8,000, 36 ಕಂತು ಅಷ್ಟೇ" ಅಂದ.

ನಾನು ಓದಿದ್ದು ಎಸ್.ಎಸ್.ಎಲ್.ಸಿ. ಆದರೂ ಹಾಲಿನ ಲೆಕ್ಕ ಬರೆದು ಬರೆದು ಗುಣಾಕಾರ ಮರೆತಿಲ್ಲ. 8,000ವನ್ನು 36ರಿಂದ ಗುಣಿಸಿದರೆ 2,88,000. ಕೈಯಿಂದ ಕೊಡುವ ಒಂದು ಲಕ್ಷ ಸೇರಿದರೆ 3,88,000. ಇದರಲ್ಲಿ ತಲೆಗೆ ಹೆಲ್ಮೆಟ್ ಇಲ್ಲ, ಮೈಗೆ ಜಾಕೆಟ್ ಇಲ್ಲ, ಕಲಿಸುವವರ ಫೀಸು ಇಲ್ಲ. ಬೀಳಿಸಿದರೆ ಕಂತು ನಿಲ್ಲುತ್ತದೆಯೇ ಎಂದು ಕೇಳಿದೆ. ಹುಡುಗ ನಕ್ಕ. ಮಗಳು ನಗಲಿಲ್ಲ. ಆದರೂ ಆ ಗಾಡಿಯ ಟ್ಯಾಂಕನ್ನು ಅವಳು ಕೈಯಿಂದ ಸವರಿದ್ದನ್ನು ನೋಡಿದೆ. ಅವಳ ಮನಸ್ಸು ಅದರ ಮೇಲೇ ಇದೆ ಎಂದು ತಾಯಿಗೆ ಬೇರೆ ಹೇಳಬೇಕೇ?

ಹೊಸೂರು ದಾಟಿ, ಆಂಬೂರು ದಾಟಿ

ಸಂಕ್ರಾಂತಿ ಮುಗಿದ ವಾರ, ಉಳಿದಿದ್ದ ಎಳ್ಳು ಬೆಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ತಿಪಟೂರಿನಿಂದ ರೈಲು ಹತ್ತಿದೆ. ಬೆಂಗಳೂರಿನಲ್ಲಿ ಮಗಳು ಜೊತೆಯಾದಳು. ಅಲ್ಲಿಂದ ಚೆನ್ನೈ ಬಸ್ಸು. ಹೊಸೂರು ಬಂದಾಗ, "ಟಿವಿಎಸ್ ಗಾಡಿ ತಯಾರಾಗೋದು ಇಲ್ಲೇ ಅಮ್ಮ" ಎಂದು ತೋರಿಸಿದಳು. ಕೃಷ್ಣಗಿರಿಯ ಬಂಡೆ ಬೆಟ್ಟ, ವಾಣಿಯಂಬಾಡಿ, ಆಂಬೂರು ಒಂದೊಂದಾಗಿ ಹಿಂದೆ ಸರಿದವು. ಆಂಬೂರಿನಲ್ಲಿ ರಸ್ತೆಯ ಎರಡೂ ಕಡೆ ಬಿರಿಯಾನಿ ಬೋರ್ಡುಗಳು. ನಾವು ಪುಳಿಯೋಗರೆ ಬಿಚ್ಚಿದೆವು. ಆ ಊರಿನಲ್ಲಿ ಚರ್ಮ ಹದಮಾಡುವ ಕಸುಬೂ ದೊಡ್ಡದು. ಚರ್ಮಕ್ಕೂ ನಮ್ಮ ಪ್ರಯಾಣಕ್ಕೂ ಇರುವ ಸಂಬಂಧ ನನಗೆ ಮರುದಿನ ತಿಳಿಯಿತು.

ವೇಲೂರು, ಕಾಂಚೀಪುರದ ಕೈಕಂಬ ದಾಟಿ ಸಂಜೆ ಹೊತ್ತಿಗೆ ಶ್ರೀಪೆರಂಬದೂರಿನಲ್ಲಿ ಇಳಿದೆವು. ಈ ಊರಿನ ಹೆಸರು ಕೇಳಿದರೆ 1991ರ ಮೇ ತಿಂಗಳು ನೆನಪಾಗುವುದು ಸಹಜ. ರಾಜೀವ್ ಗಾಂಧಿಯವರ ಸ್ಮಾರಕ ಇಲ್ಲಿದೆ. ಆದರೆ ನಮ್ಮ ಕಡೆಯವರಿಗೆ ಇನ್ನೊಂದು ನಂಟೂ ಉಂಟು. 1017ರಲ್ಲಿ ರಾಮಾನುಜಾಚಾರ್ಯರು ಹುಟ್ಟಿದ್ದು ಇದೇ ಊರಿನಲ್ಲಿ. ನಮ್ಮ ಮೇಲುಕೋಟೆಯಲ್ಲಿ ಬಂದು ನೆಲೆಸಿ ಚೆಲುವನಾರಾಯಣನ ಸೇವೆ ಮಾಡಿದ ಆಚಾರ್ಯರು. ಆದಿಕೇಶವ ಪೆರುಮಾಳ್ ದೇವಸ್ಥಾನದಲ್ಲಿ ಅವರ ವಿಗ್ರಹವಿದೆ. ಆಚಾರ್ಯರೇ ಅದನ್ನು ತಬ್ಬಿಕೊಂಡು ತಮ್ಮ ಶಕ್ತಿಯನ್ನು ತುಂಬಿದರೆಂದು ನಂಬಿಕೆ. ಕೈಮುಗಿದು ನಿಂತೆ. ಏನು ಬೇಡಿಕೊಂಡೆ ಎಂದು ಮಗಳು ಕೇಳಿದಳು. "ನಿನಗೆ ಆ ಗಾಡಿ ಇಷ್ಟವಾಗದೇ ಇರಲಿ ಅಂತ" ಎಂದು ಇದ್ದದ್ದನ್ನೇ ಹೇಳಿದೆ.

ಇರುಂಗಾಟ್ಟುಕೋಟ್ಟೈಯ ಹಾದಿ

ಬೆಳಿಗ್ಗೆ ಆರಕ್ಕೆಲ್ಲ ಆಟೋ ಹಿಡಿದು ಇರುಂಗಾಟ್ಟುಕೋಟ್ಟೈಗೆ ಹೋದೆವು. ಬಯಲು ಸೀಮೆಯಂತೆ ಒಣ ನೆಲ, ಅಲ್ಲಲ್ಲಿ ತಾಳೆಮರ, ಸುತ್ತಲೂ ಕಾರ್ಖಾನೆಗಳು. ಹ್ಯುಂಡೈ ಕಾರು ತಯಾರಾಗುವುದೂ ಈ ಊರಿನಲ್ಲೇ. ಅದರ ನಡುವೆ ಈ ಓಟದ ಹಾದಿ.

1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಇದನ್ನು ಕಟ್ಟಿಸಿದ್ದು. ಅದಕ್ಕೆ ಮೊದಲು ಮದ್ರಾಸಿನ ಉತ್ತರಕ್ಕಿರುವ ಶೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ಹಳೆಯ ವಿಮಾನದ ಓಡುದಾರಿಯ ಮೇಲೆ ಪಂದ್ಯ ನಡೆಸುತ್ತಿದ್ದರಂತೆ. ಓಟಕ್ಕೆಂದೇ ಅಳತೆ ಮಾಡಿ ಕಟ್ಟಿದ ಈ ಹಾದಿ 1990ರಲ್ಲಿ ಶುರುವಾಯಿತು. ಒಂದು ಸುತ್ತು 3.7 ಕಿಲೋಮೀಟರಿಗೆ ಸ್ವಲ್ಪ ಮೇಲೆ, ಒಟ್ಟು ಹನ್ನೆರಡು ತಿರುವು. ಈಗ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಎಂದು ಹೆಸರು. ಇಂಥವು ನಮ್ಮ ದೇಶದಲ್ಲಿ ಬೆರಳೆಣಿಕೆಯಷ್ಟೇ. ಕೊಯಮತ್ತೂರಿನ ಹತ್ತಿರ ಕರಿ ಮೋಟಾರ್ ಸ್ಪೀಡ್‌ವೇ ಇದೆ, ಇದಕ್ಕಿಂತ ಚಿಕ್ಕದು. ದೆಹಲಿಯ ಹತ್ತಿರ ಗ್ರೇಟರ್ ನೋಯ್ಡಾದಲ್ಲಿ 5 ಕಿಲೋಮೀಟರಿಗೂ ಉದ್ದದ ಬುದ್ಧ ಸರ್ಕ್ಯೂಟ್ ಇದೆ. ಅದು ಶುರುವಾದದ್ದು 2011ರಲ್ಲಿ.

ಒಳಗೆ ಹೋಗುವ ತನಕ ನನಗೆ ಇದ್ದ ಕಲ್ಪನೆ, ಸರ್ಕಸ್ಸಿನ ಮೃತ್ಯುಬಾವಿ. ಆದರೆ ಅಲ್ಲಿ ಕಂಡದ್ದು ಶಾಲೆ! ಕಪ್ಪು ಹಲಗೆ ಇದ್ದ ಕೋಣೆ, ಸಾಲಾಗಿ ಕುರ್ಚಿ, ಇಪ್ಪತ್ತು ಮಂದಿ ವಿದ್ಯಾರ್ಥಿಗಳು. ಅವರಲ್ಲಿ ನಾಲ್ವರು ಹೆಣ್ಣುಮಕ್ಕಳು. ಒಂದು ಗಂಟೆ ಪಾಠ, ಅರ್ಧ ಗಂಟೆ ಹಾದಿ, ಮತ್ತೆ ಪಾಠ. ಮೊದಲು ಬಾವುಟಗಳನ್ನು ಬಾಯಿಪಾಠ ಮಾಡಿಸಿದರು. ಹಳದಿ ಬಂದರೆ ಮುಂದೆ ಅಪಾಯ, ಯಾರನ್ನೂ ಹಿಂದೆ ಹಾಕಬಾರದು. ಕೆಂಪು ಬಂದರೆ ಓಟ ನಿಂತಿತು, ನಿಧಾನಕ್ಕೆ ಒಳಗೆ ಬರಬೇಕು. ನೀಲಿ ಬಂದರೆ ಹಿಂದಿನಿಂದ ವೇಗದವರು ಬರುತ್ತಿದ್ದಾರೆ. ಕಪ್ಪು ಬಿಳಿ ಚೌಕುಳಿ ಬಂದರೆ ಪಾಳಿ ಮುಗಿಯಿತು.

ಹಾದಿಯ ಪಕ್ಕದಲ್ಲಿ ಆಂಬುಲೆನ್ಸ್ ಇಂಜಿನ್ನಿಗೆ ಮುಖಮಾಡಿ ನಿಂತಿತ್ತು. ಪ್ರತಿ ಮುಖ್ಯ ತಿರುವಿನಲ್ಲೂ ಬಾವುಟ ಹಿಡಿದ ಒಬ್ಬೊಬ್ಬರು. ಎಲ್ಲ ಗಾಡಿಯೂ ಒಂದೇ ದಿಕ್ಕಿಗೆ ಹೋಗುತ್ತದೆ. ಎದುರಿಗೆ ಬರುವ ಲಾರಿಯಿಲ್ಲ, ಅಡ್ಡ ಬರುವ ನಾಯಿಯಿಲ್ಲ, ಬಣ್ಣ ಬಳಿಯದ ಹಂಪ್ ಇಲ್ಲ. ಜಾರಿದರೆ ಜಾರಿಕೊಂಡು ಹೋಗಲು ಪಕ್ಕದಲ್ಲಿ ಬಯಲು ಬಿಟ್ಟಿದ್ದಾರೆ, ಮೈಲಿಕಲ್ಲಿಲ್ಲ, ಮರವಿಲ್ಲ. "ಅದಕ್ಕೇ ಟ್ರ್ಯಾಕು" ಎಂದು ಒಬ್ಬಟ್ಟಿನ ದಿನ ಮಗಳು ಅಂದದ್ದು ನನಗೆ ಅಲ್ಲಿ ನಿಂತಾಗ ತಿಳಿಯಿತು. ನನ್ನ ತಮ್ಮನದು ದೊಡ್ಡ ಗಾಡಿಯೇನೂ ಆಗಿರಲಿಲ್ಲ. ಅವನನ್ನು ಕೆಡವಿದ್ದು ಜಾಗ.

ಹೊಸೂರಿನ ಮೆಕ್ಯಾನಿಕ್ ಹೇಳಿದ್ದು

ಆ ದಿನ ಮಗಳಿಗೆ ಶಾಲೆಯವರೇ 200 ಸಿಸಿಯ ಗಾಡಿ ಕೊಟ್ಟಿದ್ದರು. ಬಾಡಿಗೆಗೆ ತಂದ ಚರ್ಮದ ಉಡುಪು ತೊಟ್ಟು, ಹೆಲ್ಮೆಟ್ ಹಾಕಿ ಅವಳು ಹೊರಗೆ ಬಂದಾಗ ನನ್ನ ಮಗಳು ಯಾರೆಂದು ನನಗೇ ಗುರುತು ಸಿಗಲಿಲ್ಲ. ಹೊರಡುವಾಗ ಎಡಗೈ ಎತ್ತಿದಳು. ಆಗ ಗೊತ್ತಾಯಿತು.

ನಾನು ನೆರಳಿನಲ್ಲಿ ಕುಳಿತು ಸುತ್ತು ಎಣಿಸುತ್ತಿದ್ದೆ. ಪಕ್ಕದಲ್ಲಿ ಸ್ಪ್ಯಾನರ್ ಒರೆಸುತ್ತಿದ್ದ ವಯಸ್ಸಾದ ಮೆಕ್ಯಾನಿಕ್ಕರು ನನ್ನ ಬಾಯಲ್ಲಿ ಕನ್ನಡ ಕೇಳಿ ಮಾತನಾಡಿಸಿದರು. ಹೊಸೂರಿನ ಕಡೆಯವರು, ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಎಳ್ಳು ಬೆಲ್ಲ ಕೊಟ್ಟೆ. ಮಗಳಿಗೆ ಯಾವ ಗಾಡಿ ತೆಗೆದುಕೊಳ್ಳಬೇಕೆಂದು ನೇರವಾಗಿ ಕೇಳಿಯೇಬಿಟ್ಟೆ.

ಅವರು ಹೇಳುವ ಮೊದಲೇ ಒಂದು ಘಟನೆ ನಡೆಯಿತು. ಸ್ವಂತದ ದೊಡ್ಡ ಗಾಡಿ ತಂದಿದ್ದ ಹುಡುಗನೊಬ್ಬ ನೇರ ಹಾದಿಯಲ್ಲಿ ಎಲ್ಲರನ್ನೂ ಹಿಂದೆ ಹಾಕಿಕೊಂಡು ಬಂದ. ತಿರುವು ಬಂದಾಗ ಬ್ರೇಕು ಸಾಲದೆ ನೇರ ಮಣ್ಣಿಗೆ ಇಳಿದು ಉರುಳಿದ. ಕೆಂಪು ಬಾವುಟ ಬಂತು. ಆಂಬುಲೆನ್ಸ್ ಹೊರಟಿತು. ನನ್ನ ಎದೆ ನಿಂತೇಹೋಯಿತು. ಬಿದ್ದದ್ದು ನನ್ನ ಮಗಳಲ್ಲ ಎಂದು ಸಮಾಧಾನಪಟ್ಟುಕೊಂಡದ್ದಕ್ಕೆ ಆಮೇಲೆ ನಾಚಿಕೆಯಾಯಿತು. ಅವನಿಗೂ ತಾಯಿ ಇದ್ದಾಳಲ್ಲ! ಹುಡುಗ ತಾನೇ ಎದ್ದು, ಮಣ್ಣು ಕೊಡವಿಕೊಂಡು ನಡೆದು ಬಂದ. ಮೊಣಕೈ ಹತ್ತಿರ ಚರ್ಮದ ಉಡುಪು ಉಜ್ಜಿ ಬೆಳ್ಳಗಾಗಿತ್ತು. ಒಳಗಿನ ಚರ್ಮ ಹಾಗೆಯೇ ಇತ್ತು. ಗಾಡಿಯ ಒಂದು ಮಗ್ಗುಲಿನ ಹೊದಿಕೆಯೆಲ್ಲ ಪುಡಿ. ಆ ಹುಡುಗನ ಮುಖದಲ್ಲಿ ನೋವಿಗಿಂತ ಕಂತಿನ ಚಿಂತೆಯೇ ಹೆಚ್ಚು ಕಂಡಿತು.

"ನೋಡಿದ್ರಾ ಅಮ್ಮಾ" ಅಂದರು ಮೆಕ್ಯಾನಿಕ್. "ಕಲಿಯೋರು ಬಿದ್ದೇ ಬೀಳ್ತಾರೆ. ಇವತ್ತಲ್ಲ ನಾಳೆ. ಬಿದ್ದಾಗ ಮೈಗೂ ಜೇಬಿಗೂ ಎಷ್ಟು ಕಮ್ಮಿ ಏಟಾಗುತ್ತೆ ಅನ್ನೋದನ್ನ ನೋಡಿ ಗಾಡಿ ತಗೋಬೇಕು."

ಆಮೇಲೆ ಅವರು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ವೇಗ ಎರಡರಷ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತದೆ. ದೊಡ್ಡ ಇಂಜಿನ್ನು ನೇರ ಹಾದಿಯಲ್ಲಿ ಕ್ಷಣದಲ್ಲಿ ವೇಗ ಏರಿಸುತ್ತದೆ. ಆದರೆ ತಿರುವು ಬಂದಾಗ ಅದನ್ನು ಇಳಿಸುವ ವಿದ್ಯೆ ಕಲಿಯುವವರ ಕೈಯಲ್ಲಿ ಇನ್ನೂ ಇರುವುದಿಲ್ಲ. ಹೆದರಿಕೊಂಡು ಆಕ್ಸಿಲರೇಟರನ್ನು ಕಾಲು ಭಾಗವೂ ತಿರುಗಿಸುವುದಿಲ್ಲ. ನೇರದಲ್ಲಿ ಓಡು, ತಿರುವಿನಲ್ಲಿ ನಡುಗು, ಇಷ್ಟೇ ಅಭ್ಯಾಸವಾಗುತ್ತದೆ. ಚಿಕ್ಕ ಗಾಡಿಯಲ್ಲಾದರೆ ಪೂರ್ತಿ ತಿರುಗಿಸಿದರೂ ಅದು ಮೈಮೇಲೆ ಬರುವುದಿಲ್ಲ. ವೇಗ ಬೇಕಾದರೆ ತಿರುವಿನಲ್ಲಿ ಉಳಿಸಿಕೊಳ್ಳಬೇಕು. ಹೊರಗಿನ ಅಂಚಿನಿಂದ ಬಂದು, ಒಳಗಿನ ಅಂಚನ್ನು ಮುಟ್ಟಿ, ಮತ್ತೆ ಹೊರಗೆ ಹೋಗುವ ಗೆರೆಯನ್ನು ಕಲಿಯಲೇಬೇಕು. ವಿದ್ಯೆ ಇರುವುದು ಅಲ್ಲೇ.

ನಮ್ಮ ಅಡುಗೆಮನೆಯಲ್ಲೂ ಹೀಗೇ ಅಲ್ಲವೇ? ಹೊಸದಾಗಿ ಒಗ್ಗರಣೆ ಕಲಿಯುವ ಹುಡುಗಿಗೆ ಮದುವೆ ಮನೆಯ ಭಟ್ಟಿ ಒಲೆ ಕೊಟ್ಟರೆ ಸಾಸಿವೆ ಸಿಡಿಯುವ ಮೊದಲೇ ಕರಿಬೇವು ಸೀದಿರುತ್ತದೆ. ಸಣ್ಣ ಉರಿಯಲ್ಲಿ ಕೈ ಪಳಗಿದವಳು ದೊಡ್ಡ ಉರಿಯಲ್ಲೂ ಮಾಡಿಯಾಳು.

ಯಾವ ಗಾಡಿ?

ಅವರ ಮಾತು, ಪಾಠ ಹೇಳಿದವರ ಮಾತು, ಕೊಯಮತ್ತೂರಿನಿಂದ ಮಗಳನ್ನು ಕರೆತಂದಿದ್ದ ತಂದೆಯೊಬ್ಬರ ಮಾತು, ಮೂರನ್ನೂ ಕೂಡಿಸಿ ಮಗಳ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನಿಮ್ಮ ಮನೆಯಲ್ಲೂ ಇಂಥ ಮಗನೋ ಮಗಳೋ ಇದ್ದರೆ ಉಪಯೋಗಕ್ಕೆ ಬಂದೀತು.

150ರಿಂದ 200 ಸಿಸಿ ಒಳಗಿನ, ಹಗುರವಾದ ಗಾಡಿ ಕಲಿಕೆಗೆ ಸಾಕು. ಯಮಹಾ ಆರ್15 ನಮ್ಮ ದೇಶಕ್ಕೆ ಬಂದದ್ದು 2008ರಲ್ಲಿ. 2018ರಿಂದೀಚಿನದು 155 ಸಿಸಿ, ಸುಮಾರು 18 ಅಶ್ವಶಕ್ತಿ, ತೂಕ 140 ಕಿಲೋ ಆಸುಪಾಸು. ಟಿವಿಎಸ್ ಅಪಾಚೆ ಆರ್‌ಟಿಆರ್ 200ಕ್ಕೆ 20ರ ಹತ್ತಿರ ಅಶ್ವಶಕ್ತಿ. ಕೆಟಿಎಂ ಆರ್‌ಸಿ 200ಕ್ಕೆ 25, ಅದರ ಅಣ್ಣ ಆರ್‌ಸಿ 390ಕ್ಕೆ 43ರ ಹತ್ತಿರ. ನಮ್ಮ ಕಾಲದಲ್ಲಿ ಹುಡುಗರು ಪ್ರಾಣ ಬಿಡುತ್ತಿದ್ದ ಆರ್‌ಎಕ್ಸ್ 100ಕ್ಕೆ ಇದ್ದದ್ದು 11 ಎಂದರೆ, ಈ 43 ಎಷ್ಟೆಂದು ನೀವೇ ಲೆಕ್ಕ ಹಾಕಿ. 390 ಕೆಟ್ಟ ಗಾಡಿಯೆಂದು ಇದರ ಅರ್ಥವಲ್ಲ. ಅದು ಎರಡನೆಯ ಗಾಡಿ.

ಹೊಸದು ಬೇಡ, ಸೆಕೆಂಡ್ ಹ್ಯಾಂಡ್ ಇರಲಿ. ಬಿಡಿಭಾಗ ಎಲ್ಲ ಊರಿನಲ್ಲೂ ಸಿಗುವಂಥ ಗಾಡಿಯಾಗಲಿ. ಓಟಕ್ಕೆ ಬಳಸಿದಾಗ ಆದ ನಷ್ಟವನ್ನು ಸಾಮಾನ್ಯ ಮೋಟಾರು ವಿಮೆ ತುಂಬಿಕೊಡುವುದಿಲ್ಲ. ಪಾಲಿಸಿಯಲ್ಲೇ ಬರೆದಿರುತ್ತದೆ, ಯಾರೂ ಓದುವುದಿಲ್ಲ ಅಷ್ಟೇ. ಹಾಗಾಗಿ ಬಿದ್ದದ್ದೆಲ್ಲ ನಮ್ಮ ಕೈಯಿಂದಲೇ. ಟೈರು, ಬ್ರೇಕ್ ಪ್ಯಾಡು, ಚೈನು, ಆಯಿಲ್ಲು ರಸ್ತೆಯಲ್ಲಿಗಿಂತ ಬೇಗ ಸವೆಯುತ್ತವೆ. ಗಾಡಿಗೇ ಎಲ್ಲ ದುಡ್ಡು ಸುರಿದರೆ ಓಡಿಸಲು ದುಡ್ಡಿರುವುದಿಲ್ಲ. ದೊಡ್ಡ ಗಾಡಿ ಕೊಂಡು ವರ್ಷಕ್ಕೆ ಎರಡು ದಿನ ಓಡಿಸುವುದಕ್ಕಿಂತ, ಚಿಕ್ಕ ಗಾಡಿ ಕೊಂಡು ಎಂಟು ದಿನ ಓಡಿಸಿದವರು ಬೇಗ ಕಲಿಯುತ್ತಾರೆ.

ಓಡಿಸುವವರ ಮೈಗೆ ಗಾಡಿ ಹೊಂದಬೇಕು. ನನ್ನ ಮಗಳು ಐದು ಅಡಿ ಎರಡು ಇಂಚು. ಆರ್15ರ ಸೀಟು ನೆಲದಿಂದ 815 ಮಿಲಿಮೀಟರು. ಎರಡೂ ಕಾಲಿನ ಮುಂಗಾಲು ನೆಲ ಮುಟ್ಟಿದರೆ ಸಾಕು, ಓಡುವಾಗ ಕಾಲು ಊರುವ ಪ್ರಶ್ನೆಯೇ ಇಲ್ಲ. ಬ್ರೇಕು ಕ್ಲಚ್ಚು ಹಿಡಿಯಲು ಬೆರಳು ಸಲೀಸಾಗಿ ಎಟುಕುತ್ತದೆಯೇ ನೋಡಬೇಕು. ಎಬಿಎಸ್ ಇದ್ದರೆ ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯ, ಗಾಡಿಗಿಂತ ಮೊದಲು ಮೈಗೆ. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್, ಚರ್ಮದ ಉಡುಪು, ಗ್ಲೌಸು, ಕಣಕಾಲು ಮುಚ್ಚುವ ಬೂಟು, ಬೆನ್ನಿಗೆ ಗುರಾಣಿ. ಇವಿಲ್ಲದೆ ಒಳಗೇ ಬಿಡುವುದಿಲ್ಲ. ಬಿಡಬಾರದು ಕೂಡ. ಗಾಡಿಯನ್ನು ಸಾಮಾನು ಸಾಗಿಸುವ ವ್ಯಾನಿನಲ್ಲಿ ತರಬೇಕು. ಓಡಿಸಿಕೊಂಡು ಬಂದು, ಬಿದ್ದು, ಅದನ್ನೇ ಓಡಿಸಿಕೊಂಡು ವಾಪಸು ಹೋಗುವುದು ಬುದ್ಧಿವಂತರ ಕೆಲಸವಲ್ಲ.

ಸಂಜೆ ಕೊನೆಯ ಪಾಳಿ ಮುಗಿಸಿ ಬಂದ ಮಗಳ ಮುಖ ಬೆವರಿನಲ್ಲಿ ತೊಯ್ದಿತ್ತು. ಮಜ್ಜಿಗೆ ಕೊಟ್ಟೆ. ಒಂದೇ ಉಸಿರಿಗೆ ಕುಡಿದು, "ಅಮ್ಮ, ಎಲ್ಲಿ ನೋಡ್ತೀವೋ ಗಾಡಿ ಅಲ್ಲಿಗೇ ಹೋಗುತ್ತೆ. ಮಣ್ಣು ನೋಡಿದ್ರೆ ಮಣ್ಣಿಗೆ, ದಾರಿ ನೋಡಿದ್ರೆ ದಾರಿಗೆ" ಅಂದಳು. ಅದು ಆ ದಿನ ಅವರು ಕಲಿಸಿದ ಪಾಠವಂತೆ. ಹದಿನೆಂಟು ವರ್ಷದಿಂದ ನಾನು ನನ್ನ ತಮ್ಮ ಬಿದ್ದ ಜಾಗವನ್ನೇ ನೋಡುತ್ತಾ ಕುಳಿತಿದ್ದೆನಲ್ಲ ಎನ್ನಿಸಿತು. ಮಗಳಿಗೆ ಹೇಳಲಿಲ್ಲ. ಅವಳೇ ಆಮೇಲೆ ತಗ್ಗಿದ ದನಿಯಲ್ಲಿ, "ಆ ದೊಡ್ಡ ಗಾಡಿ ನನಗೆ ಈಗ ಬೇಡಮ್ಮ" ಅಂದಳು. ಆದಿಕೇಶವ ಅರ್ಧ ಬೇಡಿಕೆ ನಡೆಸಿಕೊಟ್ಟಿದ್ದ!

ಕಂಚಿಯ ಇಡ್ಲಿ

ಮರುದಿನ ಹಿಂದಿರುಗುವಾಗ ಕಾಂಚೀಪುರದಲ್ಲಿ ಇಳಿದು ವರದರಾಜಸ್ವಾಮಿಯ ದರ್ಶನ ಮಾಡಿಕೊಂಡೆವು. ಅಲ್ಲಿನ ನೈವೇದ್ಯದ ಕಂಚಿ ಇಡ್ಲಿಯನ್ನು ಬಲ್ಲವರು ಬಲ್ಲರು. ಅಕ್ಕಿ, ಉದ್ದಿನಬೇಳೆಯನ್ನು ತರಿಯಾಗಿ ರುಬ್ಬಿ, ಹುಳಿ ಬಂದ ಮೇಲೆ ಕುಟ್ಟಿದ ಮೆಣಸು, ಜೀರಿಗೆ, ಶುಂಠಿಪುಡಿ, ಕರಿಬೇವು, ತುಪ್ಪ ಸೇರಿಸಿ, ಎಲೆ ಹಾಸಿದ ಬಿದಿರಿನ ಬುಟ್ಟಿಯಲ್ಲಿ ಹಬೆಯಲ್ಲಿ ಬೇಯಿಸುತ್ತಾರೆ. ಮನೆಯಲ್ಲಿ ಲೋಟಕ್ಕೆ ಬಾಳೆಲೆ ಹಾಸಿ ನಾನು ಮಾಡಿ ನೋಡಿದೆ, ಚೆನ್ನಾಗಿ ಬಂತು. ಪ್ರಯಾಣಕ್ಕೆ ಎರಡು ದಿನ ಕೆಡುವುದಿಲ್ಲ.

ಬಸ್ಸಿನಲ್ಲಿ ಮಗಳು ನನಗೆ ಐಶ್ವರ್ಯಾ ಪಿಸ್ಸೆಯ ಕಥೆ ಹೇಳಿದಳು. ನಮ್ಮ ಬೆಂಗಳೂರಿನ ಹುಡುಗಿ, 2019ರಲ್ಲಿ ಮರುಭೂಮಿಯಂಥ ಹಾದಿಗಳಲ್ಲಿ ನಡೆಯುವ ಬಾಜಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದವಳು. ಅದರ ಹಿಂದಿನ ವರ್ಷ ಸ್ಪೇನಿನಲ್ಲಿ ಬಿದ್ದು ಹೊಟ್ಟೆಯೊಳಗೆ ಬಲವಾದ ಪೆಟ್ಟು ತಿಂದಿದ್ದಳಂತೆ. ಗೆದ್ದದ್ದನ್ನು ಮಾತ್ರ ಹೇಳದೆ ಬಿದ್ದದ್ದನ್ನೂ ಹೇಳಿದ್ದಕ್ಕೆ ಮಗಳ ಮೇಲೆ ನನಗೆ ನಂಬಿಕೆ ಬಂತು.

ಮಾವ ನೋಡಿದ ಗಾಡಿ

ಊರಿಗೆ ಬಂದು ತಮ್ಮನಿಗೆ ವಿಷಯ ತಿಳಿಸಿದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಾಡಿ ನೋಡೋಕೆ ನಾನೂ ಬರ್ತೀನಿ ಅಕ್ಕ" ಅಂದ.

ತುಮಕೂರಿನಲ್ಲಿ 2019ರ ಒಂದು ಆರ್15 ಮಾರಾಟಕ್ಕಿತ್ತು. ತಮ್ಮ ಕಾಲೆಳೆಯುತ್ತಾ ಗಾಡಿಯ ಸುತ್ತ ಮೂರು ಪ್ರದಕ್ಷಿಣೆ ಹಾಕಿದ. ಹದಿನೆಂಟು ವರ್ಷ ಗಾಡಿ ಮುಟ್ಟದವನ ಕೈ ಏನನ್ನೂ ಮರೆತಿರಲಿಲ್ಲ. ಮೊದಲು ಇಂಜಿನ್ ಮುಟ್ಟಿ ನೋಡಿದ, ತಣ್ಣಗಿದೆಯೇ ಎಂದು. ನಾವು ಬರುವ ಮೊದಲೇ ಬಿಸಿಮಾಡಿಟ್ಟಿದ್ದರೆ ಸ್ಟಾರ್ಟಿಂಗ್ ತೊಂದರೆ ಮುಚ್ಚಿಡುತ್ತಾರಂತೆ. ಹೊಗೆಯ ಬಣ್ಣ ನೋಡಿದ. ಹಿಂದೆ ದೂರ ನಿಂತು ಎರಡು ಚಕ್ರ ಒಂದೇ ಗೆರೆಯಲ್ಲಿವೆಯೇ ನೋಡಿದ. ಹ್ಯಾಂಡಲನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿ, ಅದು ತಡೆದು ನಿಲ್ಲುವ ಜಾಗದಲ್ಲಿ ಲೋಹ ಜಜ್ಜಿದೆಯೇ ನೋಡಿದ. ಜಜ್ಜಿದ್ದರೆ ಗಾಡಿ ಜೋರಾಗಿ ಬಿದ್ದಿದೆ ಎಂದರ್ಥ. ಮುಂದಿನ ಫೋರ್ಕಿನಲ್ಲಿ ಎಣ್ಣೆ ಜಿನುಗಿಲ್ಲ, ಚೈನಿನ ಹಲ್ಲು ಕೊಕ್ಕೆಯಂತೆ ಬಾಗಿಲ್ಲ. ಟೈರಿನ ಮೇಲಿನ ನಾಲ್ಕು ಅಂಕಿ ಓದಿ, "2319 ಅಂದ್ರೆ 2019ನೇ ಇಸವಿಯ 23ನೇ ವಾರದ್ದು. ಟೈರು ಗಟ್ಟಿಯಾಗಿದೆ, ಬದಲಾಯಿಸಬೇಕು" ಎಂದು ಬೆಲೆಯಲ್ಲಿ ಐದು ಸಾವಿರ ಇಳಿಸಿದ. ಮಗ್ಗುಲ ಹೊದಿಕೆಯ ಮೇಲಿನ ಗೀಚುಗಳನ್ನು ನೋಡಿ ನಾನು ಮುಖ ಸಿಂಡರಿಸಿದೆ. "ಅದು ಇರಲಿ ಬಿಡಕ್ಕ, ಹೇಗೂ ಇವಳೂ ಗೀಚ್ತಾಳೆ" ಅಂದ. ಹದಿನೆಂಟು ವರ್ಷದ ಮೇಲೆ ಗಾಡಿಯ ವಿಷಯಕ್ಕೆ ಅವನು ನಕ್ಕದ್ದು ಅವತ್ತೇ.

85,000ಕ್ಕೆ ಮಾತು ಮುಗಿಯಿತು. ಸಾಲ ಬಾಕಿ ಇಲ್ಲವೆಂದು ಆರ್.ಸಿ. ನೋಡಿ, ಹೆಸರು ವರ್ಗಾವಣೆಯ 29, 30ನೇ ನಮೂನೆಗಳಿಗೆ ಸಹಿ ಹಾಕಿಸಿಕೊಂಡೇ ಹಣ ಕೊಟ್ಟೆವು. ಟೈರು, ಪ್ಯಾಡು, ಚೈನ್ ಸೆಟ್, ಆಯಿಲ್ ಎಲ್ಲ ಸೇರಿ 14,000. ಅವಳ ಉಳಿತಾಯದಲ್ಲಿ 41,000 ಹಾದಿಯ ಫೀಸಿಗೂ ಸಾಗಾಣಿಕೆಗೂ ಉಳಿಯಿತು. ಮೈಗೆ ಬೇಕಾದ್ದು ಇದರಲ್ಲಿ ಬರುವಂತಿರಲಿಲ್ಲ. "ಆರು ತಿಂಗಳು ಬಾಡಿಗೆ ಉಡುಪು ಹಾಕ್ಕೋತೀನಿ" ಅಂದಳು.

ನನಗೆ ಆ ಹುಡುಗನ ಉಜ್ಜಿಹೋದ ಮೊಣಕೈ ಕಣ್ಣಿಗೆ ಬಂತು. ಬಳೆ ಮಾಡಿಸಲೆಂದು ನಾನು ಹಾಕಿದ್ದ ಚೀಟಿಯನ್ನು ಆ ತಿಂಗಳೇ ಕೂಗಿ ಎತ್ತಿದೆ. ಅವಳ ಅಳತೆಗೆ ಹೊಲಿಸಿದ ಉಡುಪು 30,000, ಬೂಟು 12,000, ಹೆಲ್ಮೆಟ್ 10,500, ಗ್ಲೌಸು 4,500, ಬೆನ್ನುಗುರಾಣಿ 3,000. ಒಟ್ಟು 60,000. "ಗಾಡಿ ನಿನ್ನ ದುಡ್ಡಲ್ಲಿ, ಮೈ ನನ್ನ ದುಡ್ಡಲ್ಲಿ. ರಸ್ತೆ ಮೇಲೆ ಪಂಥ ಕಟ್ಟಿದೆ ಅಂತ ಒಂದು ಸಲ ಕೇಳಿದ್ರೂ ಎರಡೂ ನನಗೆ ವಾಪಸು" ಅಂದೆ. ಅವಳು ಮಾವನ ಮುಖ ನೋಡಿ ತಲೆಯಾಡಿಸಿದಳು.

ಮುಂದಿನ ತಿಂಗಳು ಅವಳು ಮತ್ತೆ ಇರುಂಗಾಟ್ಟುಕೋಟ್ಟೈಗೆ ಹೋಗುತ್ತಾಳೆ, ಈ ಸಲ ಸ್ವಂತ ಗಾಡಿಯೊಂದಿಗೆ. ಜೊತೆಗೆ ಅವಳ ಮಾವ ಹೋಗುತ್ತಾನಂತೆ. ವ್ಯಾನಿಗೆ ಗಾಡಿ ಹತ್ತಿಸಲು ಒಬ್ಬರು ಬೇಕಲ್ಲ ಎಂದು ನೆಪ ಹೇಳುತ್ತಿದ್ದಾನೆ. ನನಗೆ ಭಯ ಹೋಗಿದೆ ಎಂದರೆ ಸುಳ್ಳಾದೀತು. ಆ ದಿನ ದೇವರ ಮುಂದೆ ದೀಪ ಆರದಂತೆ ನೋಡಿಕೊಳ್ಳುತ್ತೇನೆ. ಆದರೆ ಸೋದರಿಯರೇ, ಮಕ್ಕಳು ನಮಗೆ ಗೊತ್ತಿಲ್ಲದ ದಾರಿ ಹಿಡಿದಾಗ "ಬೇಡ" ಅನ್ನುವ ಮೊದಲು ಒಂದು ಸಲ ಆ ದಾರಿಯನ್ನು ನೀವೇ ಹೋಗಿ ನೋಡಿ ಬನ್ನಿ. ಬುತ್ತಿ ಕಟ್ಟಿಕೊಳ್ಳುವುದನ್ನು ಮಾತ್ರ ಮರೆಯಬೇಡಿ. ಅಲ್ಲಿ ಮಧ್ಯಾಹ್ನದ ಬಿಸಿಲು ಬಲು ಜೋರು!